ಪರರ ಮನೆಯ ಪಾರುಪತ್ಯ

ಕೆಲವು ದಿನಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಂದೆಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ಕರೆದುಕೊಂಡು ಬಂದ ಎನ್ನುವುದಕ್ಕಿಂತ, ತಂದೆಯೇ ಅವನನ್ನು ಹಿಡಿದು ತಂದರು ಎನ್ನುವುದು ನಿಜಕ್ಕೆ ಹತ್ತಿರ. ಹುಡುಗ ಹತ್ತನೆಯ ತರಗತಿಯಲ್ಲಿ ನನ್ನ ಹತ್ತಿರ ಕನ್ನಡ ಓದಿದವನು. ಸಂಧಿ ಸಮಾಸಗಳಲ್ಲಿ ಹಿಂದೆ. ಆದರೆ ಶಾಲೆಯ ನಲ್ಲಿ ಸೋರುತ್ತಿದ್ದರೆ ಅದಕ್ಕೆ ದಾರ ಸುತ್ತಿ ನಿಲ್ಲಿಸುವುದರಲ್ಲಿ ಎಲ್ಲರಿಗಿಂತ ಮುಂದೆ. ಬಿ.ಕಾಂ. ಮುಗಿಸಿ ನಮ್ಮೂರಿನ ಒಂದು ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದ. ಈಗ ಬೆಂಗಳೂರಿನಲ್ಲಿ ಮುನ್ನೂರು ಮನೆಗಳಿರುವ ಒಂದು ವಸತಿ ಸಮುಚ್ಚಯದಲ್ಲಿ ಸಹಾಯಕ ಮ್ಯಾನೇಜರನ ಕೆಲಸ ಸಿಕ್ಕಿದೆಯಂತೆ.

“ನೀವೇ ಹೇಳಿ ಮೇಷ್ಟ್ರೇ, ಗೇಟು ಕಾಯುವುದಕ್ಕೆ ಡಿಗ್ರಿ ಬೇಕೇ?” ಎಂದರು ತಂದೆ.

“ಗೇಟು ಕಾಯುವುದಲ್ಲಪ್ಪ, ಪ್ರಾಪರ್ಟಿ ಮ್ಯಾನೇಜ್‌ಮೆಂಟು” ಎಂದ ಮಗ.

“ಹೆಸರು ಏನಾದರೇನು? ಇನ್ನೊಬ್ಬರ ಮನೆ ತಾನೇ!”

ನಾನು ಇಕ್ಕಟ್ಟಿಗೆ ಸಿಕ್ಕಿಕೊಂಡೆ. ಮೂವತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಪ್ರತಿ ವರ್ಷವೂ ಮಕ್ಕಳನ್ನು “ಮುಂದೆ ಏನಾಗುತ್ತೀರಿ?” ಎಂದು ಕೇಳುವುದುಂಟು. ಡಾಕ್ಟರು, ಇಂಜಿನಿಯರು, ಪೊಲೀಸ್ ಅಧಿಕಾರಿ. ಈಚೆಗೆ ಕ್ರಿಕೆಟ್ ಆಟಗಾರರೂ ಸೇರಿಕೊಂಡಿದ್ದಾರೆ. “ನಾನು ಮನೆಗಳನ್ನು ನೋಡಿಕೊಳ್ಳುವವನಾಗುತ್ತೇನೆ” ಎಂದು ಒಂದು ಮಗುವೂ ಹೇಳಲಿಲ್ಲ. ಹೇಳಿದ್ದರೆ ಇಡೀ ತರಗತಿ ನಗುತ್ತಿತ್ತು, ಬಹುಶಃ ನಾನೂ ನಗುತ್ತಿದ್ದೆ. “ಒಂದು ವಾರ ಬಿಟ್ಟು ಬನ್ನಿ, ಯೋಚಿಸಿ ಹೇಳುತ್ತೇನೆ” ಎಂದು ಕಾಫಿ ಕೊಟ್ಟು ಕಳುಹಿಸಿದೆ. ಆ ವಾರ ಯೋಚಿಸಿದ್ದನ್ನೇ ಈ ಹೊತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮ ಮನೆಯಲ್ಲಿಯೂ ಇಂತಹ ಒಬ್ಬ ಹುಡುಗನೋ ಹುಡುಗಿಯೋ ಇರಬಹುದು.

ಕನ್ನಡ ಪಂಡಿತನಿಗೆ ಮೊದಲು ಕಾಡುವುದು ಮಾತು. ಈ ಉದ್ಯೋಗಕ್ಕೆ ನಮ್ಮಲ್ಲಿ ಹೆಸರೇ ಇಲ್ಲವೇ? ಇದೆ. ಪಾರುಪತ್ಯ. ಹಳೆಯ ಮೈಸೂರು ಸೀಮೆಯ ದೊಡ್ಡ ದೇವಸ್ಥಾನಗಳಲ್ಲಿ ಪಾರುಪತ್ತೇಗಾರರು ಎಂಬ ಅಧಿಕಾರಿಗಳಿದ್ದರು. ದೇವರ ಪೂಜೆ ಅವರದಲ್ಲ, ದೇವರ ಸೊತ್ತೂ ಅವರದಲ್ಲ. ಆದರೆ ನೈವೇದ್ಯದ ಅಕ್ಕಿ ಬಂತೇ, ದೀಪದ ಎಣ್ಣೆ ಸರಿಯಾದ ಅಳತೆಯಲ್ಲಿ ಹೋಯಿತೇ, ಉತ್ಸವದ ಒಡವೆಗಳು ತಿರುಗಿ ಪೆಟ್ಟಿಗೆ ಸೇರಿದುವೇ, ಇವೆಲ್ಲ ಅವರ ತಲೆಯ ಮೇಲೆ. ಸೊತ್ತು ಒಬ್ಬರದು, ಅನುಭೋಗ ಇನ್ನೊಬ್ಬರದು, ಹೊಣೆ ಮಾತ್ರ ನಡುವೆ ನಿಂತವನದು. “ಇಲ್ಲೆಲ್ಲ ಅವನದೇ ಪಾರುಪತ್ಯ” ಎಂದು ನಾವು ಈಗ ಕೊಂಚ ವ್ಯಂಗ್ಯವಾಗಿ ಆಡುತ್ತೇವಷ್ಟೆ. ಮಾತಿಗೆ ಆ ಹುಳಿ ಯಾರಿಂದ ಬಂದಿತೋ ಊಹಿಸಿಕೊಳ್ಳಬಹುದು. ಮಾತಿನ ಮೂಲಾರ್ಥದಲ್ಲಿ ಆ ಹುಳಿ ಇರಲಿಲ್ಲ.

ನಮ್ಮ ಶಾಸನಗಳಲ್ಲಿ ಇನ್ನೊಂದು ಮಾತು ಪದೇ ಪದೇ ಎದುರಾಗುತ್ತದೆ: ‘ಖಂಡಸ್ಫುಟಿತಜೀರ್ಣೋದ್ಧಾರ’. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರುಕು ಬಿಟ್ಟದ್ದು, ಜೀರ್ಣವೆಂದರೆ ಸವೆದು ಹಳತಾದದ್ದು. ದೇವಾಲಯಕ್ಕೋ ಬಸದಿಗೋ ಭೂಮಿಯನ್ನು ದತ್ತಿ ಬಿಡುವಾಗ ಪೂಜೆಗೆ ಇಷ್ಟು, ನಂದಾದೀಪಕ್ಕೆ ಇಷ್ಟು, ಆಹಾರದಾನಕ್ಕೆ ಇಷ್ಟು ಎನ್ನುವುದರ ಜೊತೆಗೇ ಈ ಖರ್ಚನ್ನೂ ಸೇರಿಸುತ್ತಿದ್ದರು. ಕಟ್ಟಡ ಹೊಚ್ಚ ಹೊಸದಾಗಿ ನಿಂತಿರುವ ದಿನವೇ, ಇದು ಮುಂದೆ ಬಿರುಕು ಬಿಡುತ್ತದೆ ಎಂದು ಒಪ್ಪಿಕೊಂಡು ಅದಕ್ಕೆ ಗದ್ದೆ ತೆಗೆದಿಡುವುದು ಸಾಮಾನ್ಯ ವಿವೇಕವಲ್ಲ. ವಸತಿ ಸಮುಚ್ಚಯಗಳಲ್ಲಿ ‘ಕಾರ್ಪಸ್ ಫಂಡ್’ ಎಂಬ ಮೂಲನಿಧಿಯನ್ನು ಕೂಡಿಡುತ್ತಾರಲ್ಲ, ಅದು ಇದೇ ದತ್ತಿಯ ಇಂದಿನ ರೂಪ. ಅದನ್ನು ಕೂಡಿಡುವಾಗ ನಡೆಯುವ ಜಗಳವನ್ನು ಕಂಡರೆ ಮಾತ್ರ, ದತ್ತಿ ಬಿಟ್ಟ ಅರಸರು ಸುಖಿಗಳು ಎನ್ನಿಸುತ್ತದೆ.

ಇಂದಿನ ಅರ್ಥದಲ್ಲಿ ಇದನ್ನು ಒಂದು ವಿದ್ಯೆಯೆಂದು ತಿಳಿದು ಇತರರಿಗೆ ಕಲಿಸಿದವರಲ್ಲಿ ಎದ್ದು ಕಾಣುವ ಹೆಸರು ಲಂಡನ್ನಿನ ಒಬ್ಬ ಮಹಿಳೆಯದು, ಆಕ್ಟೇವಿಯಾ ಹಿಲ್. 1865ರಲ್ಲಿ ಜಾನ್ ರಸ್ಕಿನ್ ಮ್ಯಾರಿಲ್‌ಬೋನ್ ಪ್ರದೇಶದಲ್ಲಿ ಬಡವರು ಬಾಡಿಗೆಗಿದ್ದ ಮೂರು ಹಾಳು ಮನೆಗಳನ್ನು ಕೊಂಡು ಆಕೆಯ ಕೈಗೆ ಒಪ್ಪಿಸಿದರು. ಹಾಕಿದ ಬಂಡವಾಳಕ್ಕೆ ನೂರಕ್ಕೆ ಐದು ಹುಟ್ಟಬೇಕೆಂಬುದು ಕರಾರು. ಆ ಬೀದಿಯ ಹೆಸರು ಪ್ಯಾರಡೈಸ್ ಪ್ಲೇಸ್, ಎಂದರೆ ಸ್ವರ್ಗದ ಸ್ಥಾನ! ಬಡವರ ಕೇರಿಗಳಿಗೆ ಇಂತಹ ಹೆಸರಿಡುವ ಚಾಳಿ ಎಲ್ಲ ಊರುಗಳಲ್ಲಿಯೂ ಇದೆ. ಹಿಲ್ ವಾರ ವಾರವೂ ತಾನೇ ಬಾಗಿಲಿಗೆ ಹೋಗಿ ಬಾಡಿಗೆ ವಸೂಲು ಮಾಡುತ್ತಿದ್ದಳು. ಹೋದಾಗ ಒಡೆದ ಕಿಟಕಿ, ಕಟ್ಟಿದ ಮೋರಿ, ಹತ್ತಿದ ಮೆಟ್ಟಿಲು ಎಲ್ಲವೂ ಕಣ್ಣಿಗೆ ಬೀಳುತ್ತಿದ್ದುವು. ವರ್ಷಕ್ಕೆ ಇಷ್ಟು ಹಣ ದುರಸ್ತಿಗೆ ಎಂದು ತೆಗೆದಿಟ್ಟು, ಒಡೆದುದನ್ನು ಸರಿಪಡಿಸಿದ ಮೇಲೆ ಉಳಿದದ್ದರಲ್ಲಿ ಬಾಡಿಗೆದಾರರು ಏನು ಬೇಕೆನ್ನುತ್ತಾರೋ ಅದನ್ನು ಮಾಡಿಸಿಕೊಡುತ್ತಿದ್ದಳು. ಹೀಗಾಗಿ ಕಿಟಕಿ ಒಡೆಯದೆ ಇರುವುದು ಅವರಿಗೇ ಲಾಭವಾಯಿತು. ಬಾಡಿಗೆ ತಪ್ಪಿಸಿದವರ ವಿಷಯದಲ್ಲಿ ಆಕೆ ಬಹಳ ಕಠಿಣಳು. ಅದಕ್ಕಾಗಿ ಆಕೆಯನ್ನು ಟೀಕಿಸಿದವರೂ ಇದ್ದಾರೆ. ಆಕೆ ತನ್ನ ಜೊತೆಗೆ ಸೇರಿಸಿಕೊಂಡು ತರಬೇತು ಕೊಟ್ಟದ್ದು ಹೆಂಗಸರಿಗೆ. ಆಕೆ 1912ರಲ್ಲಿ ತೀರಿಕೊಂಡ ನಾಲ್ಕು ವರ್ಷಕ್ಕೆ, 1916ರಲ್ಲಿ, ಮನೆಗಳನ್ನು ನಿರ್ವಹಿಸುವ ಮಹಿಳೆಯರದೇ ಒಂದು ಸಂಘ ಇಂಗ್ಲೆಂಡಿನಲ್ಲಿ ಹುಟ್ಟಿತು. “ಇದು ಗಂಡಸರ ಕೆಲಸ” ಎನ್ನುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ವಾರಕ್ಕೊಮ್ಮೆ ಬಾಗಿಲಿಗೆ ಹೋಗುವುದು ಎಂದೆನಲ್ಲ, ಆ ಮಾತು ನನಗೆ ಚುಚ್ಚುತ್ತದೆ. ನಮ್ಮ ಹುಟ್ಟೂರಿನಲ್ಲಿ ತಂದೆಯವರು ಕಟ್ಟಿಸಿದ ಒಂದು ಪುಟ್ಟ ಮನೆಯಿದೆ. ಅವರು ತೀರಿಕೊಂಡ ಮೇಲೆ ಬಾಡಿಗೆಗೆ ಕೊಟ್ಟೆ. ಒಳ್ಳೆಯ ಸಂಸಾರ, ಐದನೆಯ ತಾರೀಖಿಗೆ ಸರಿಯಾಗಿ ಬಾಡಿಗೆ ಬರುತ್ತಿತ್ತು. ಅಷ್ಟಕ್ಕೇ ನಾನು ಸಂತುಷ್ಟ. ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ. ತಾರಸಿಯ ನೀರು ಇಳಿಯುವ ಕೊಳವೆಗೆ ಹೊಂಗೆಯ ಎಲೆ ಕಟ್ಟಿಕೊಂಡಿದೆ ಎಂದು ಆ ಗೃಹಸ್ಥರು ಎರಡು ಸಲ ತಿಳಿಸಿದರು. “ಪರೀಕ್ಷೆ ಮುಗಿಯಲಿ, ಬರುತ್ತೇನೆ” ಎಂದೆ. ಮೇಷ್ಟರ ಬದುಕಿನಲ್ಲಿ ಪರೀಕ್ಷೆ ಮುಗಿಯುವುದುಂಟೇ? ಮಳೆಗಾಲ ಬಂತು, ನೀರು ತಾರಸಿಯಲ್ಲಿ ಕೆರೆಯಂತೆ ನಿಂತಿತು, ನಡುಮನೆಯ ಚಾವಣಿಯ ಗಾರೆ ಒಂದು ರಾತ್ರಿ ಕಳಚಿ ಬಿತ್ತು. ಅವರ ಮಗು ತೊಟ್ಟಿಲಲ್ಲಿ ಮಲಗುತ್ತಿದ್ದುದು ಅದೇ ಜಾಗದಲ್ಲಿ. ಅಂದು ಜ್ವರವೆಂದು ತಾಯಿ ಅದನ್ನು ಮಗ್ಗುಲಲ್ಲಿ ಮಲಗಿಸಿಕೊಂಡಿದ್ದರು. ಇದು ಅವರು ಹೇಳಿದ್ದಲ್ಲ, ನಾನು ಹೋದಾಗ ಖಾಲಿ ತೊಟ್ಟಿಲಿನಲ್ಲಿ ಗಾರೆಯ ಚೂರುಗಳನ್ನು ಕಂಡು ಕೇಳಿ ತಿಳಿದದ್ದು. ಒಂದು ಹಿಡಿ ಎಲೆ ತೆಗೆಯಲು ಐವತ್ತು ರೂಪಾಯಿ ಸಾಕಾಗುತ್ತಿತ್ತು. ಮನೆಯ ಒಡೆಯನಾಗಿರುವುದು ಬೇರೆ, ಮನೆಯನ್ನು ನೋಡಿಕೊಳ್ಳುವುದು ಬೇರೆ ಎಂದು ನನಗೆ ಅಂದು ಗೊತ್ತಾಯಿತು. ಎರಡನೆಯದು ಕೆಲಸ, ಮೊದಲನೆಯದು ಬರಿಯ ಪತ್ರ.

ಆ ಕೆಲಸವನ್ನು ಕಣ್ಣಾರೆ ಕಂಡದ್ದು 2024ರ ಬೇಸಿಗೆ ರಜೆಯಲ್ಲಿ, ಬೆಂಗಳೂರಿನ ಮಗಳ ಮನೆಯಲ್ಲಿ. ಅವಳು ಬಾಡಿಗೆಗಿರುವುದು ಇನ್ನೂರ ನಲವತ್ತು ಮನೆಗಳ ಒಂದು ಸಮುಚ್ಚಯದಲ್ಲಿ. ಮಗಳೂ ಅಳಿಯನೂ ಕೆಲಸಕ್ಕೆ ಹೋದ ಮೇಲೆ ನನಗೆ ಕೆಲಸವಿಲ್ಲ. ಕೆಳಗೆ ಮ್ಯಾನೇಜರರ ಕೊಠಡಿಯಲ್ಲಿ ಫ್ಯಾನು ಚೆನ್ನಾಗಿ ತಿರುಗುತ್ತಿತ್ತು; ದಿನಪತ್ರಿಕೆ ಹಿಡಿದು ಅಲ್ಲಿಯೇ ಕುಳಿತುಬಿಡುತ್ತಿದ್ದೆ. ಹಾಸನದ ಕಡೆಯವರು, ಡಿಪ್ಲೊಮಾ ಓದಿದವರು, ನಲವತ್ತು ದಾಟಿದವರು. ಮಾತು ಕಡಮೆ.

ಆ ವರ್ಷದ ನೀರಿನ ಬವಣೆ ನಿಮಗೆ ನೆನಪಿರಬಹುದು. ಕೊಳವೆಬಾವಿಗಳು ಬತ್ತಿದ್ದುವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡವೆಂದು ಮಾರ್ಚಿಯಲ್ಲಿ ಜಲಮಂಡಲಿ ಆಜ್ಞೆ ಮಾಡಿತ್ತು. ಲೆಕ್ಕ ಹಾಕಿ ನೋಡಿ. ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರು ಎಂಬುದು ಪಟ್ಟಣದ ನೀರು ಸರಬರಾಜಿನ ಅಳತೆಗೋಲು. ಮನೆಗೆ ನಾಲ್ವರಂತೆ ಇನ್ನೂರ ನಲವತ್ತು ಮನೆಗೆ ಸುಮಾರು 1,30,000 ಲೀಟರು. 12,000 ಲೀಟರಿನ ಟ್ಯಾಂಕರು ಹನ್ನೊಂದು ಬರಬೇಕು, ದಿನವೂ. ಜಿಲ್ಲಾಡಳಿತವು ಅಂತಹ ಟ್ಯಾಂಕರಿಗೆ 5 ಕಿಲೋಮೀಟರಿನೊಳಗೆ 1,000 ರೂಪಾಯಿ ಎಂದು ದರ ಕಟ್ಟಿತ್ತು. ದರ ಕಟ್ಟುವುದು ಸುಲಭ, ಟ್ಯಾಂಕರು ಬರಬೇಕಲ್ಲ! ನಮ್ಮ ಮ್ಯಾನೇಜರು ಬೆಳಗಿನ ಜಾವ ನಾಲ್ಕೂವರೆಗೆ ಸಂಪಿನ ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿರುತ್ತಿದ್ದರು. ಟ್ಯಾಂಕರು ತುಂಬಿ ಬಂದಿದೆಯೇ, ಮುಕ್ಕಾಲು ಬಂದಿದೆಯೇ ಎಂದು ಮುಚ್ಚಳ ತೆಗೆದು ಇಣುಕಿ, ನೀರನ್ನು ಅಂಗೈಗೆ ಹಿಡಿದು ಮೂಸಿ, ಆಮೇಲೆ ಚೀಟಿಗೆ ರುಜು ಹಾಕುವುದು. ಒಂದು ದಿನ ಒಬ್ಬ ಚಾಲಕ ಅವರ ಜೇಬಿಗೆ ಏನೋ ತುರುಕಲು ನೋಡಿದ. ಅವರು ಅದನ್ನು ತೆಗೆದು ಅವನ ಬಾನೆಟ್ಟಿನ ಮೇಲೆ ಇಟ್ಟು, “ಮುಂದಿನ ಟ್ಯಾಂಕರು ಬರಲಿ” ಎಂದರು. ಈ ಉದ್ಯೋಗದಲ್ಲಿ ಜೇಬಿಗೆ ಬರುವ ಕೈಗಳು ಬಹಳ. ನೀರಿನವನು, ಬಣ್ಣ ಬಳಿಯುವವನು, ಲಿಫ್ಟಿನ ಬಿಡಿಭಾಗ ಮಾರುವವನು. ಕಮಿಷನ್ ಎಂಬ ಮರ್ಯಾದಸ್ಥ ಹೆಸರೂ ಅದಕ್ಕಿದೆ.

ನೀರಾದ ಮೇಲೆ ಉಳಿದವು. ಲಿಫ್ಟಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇದೆಯೇ, ಬೆಂಕಿ ಆರಿಸುವ ಸಿಲಿಂಡರಿನ ವಾಯಿದೆ ಮುಗಿಯಿತೇ, ಜನರೇಟರಿಗೆ ಡೀಸೆಲ್ ಎಷ್ಟಿದೆ, ರಾತ್ರಿ ಪಾಳಿಯ ಕಾವಲುಗಾರ ಬಂದನೇ. ಲೆಕ್ಕಪತ್ರ ಬೇರೆ. ಸಂಘದ ವರ್ಷದ ವಹಿವಾಟು 20 ಲಕ್ಷ ದಾಟಿ, ಒಂದು ಮನೆಯ ತಿಂಗಳ ವಂತಿಗೆಯೂ 7,500 ರೂಪಾಯಿ ದಾಟಿದರೆ ನೂರಕ್ಕೆ ಹದಿನೆಂಟು ಜಿ.ಎಸ್.ಟಿ. ತೆರಬೇಕು, ಆದುದರಿಂದ ವಂತಿಗೆ ಏರಿಸುವ ಮಾತು ಬಂದಾಗಲೆಲ್ಲ ಆ ಗೆರೆಯ ಈಚೆಗೇ ನಿಲ್ಲಬೇಕೆಂದು ಸಭೆಯಲ್ಲಿ ಗದ್ದಲ.

ಇವೆಲ್ಲಕ್ಕಿಂತ ಕಷ್ಟವಾದದ್ದು ನೆರೆಹೊರೆಯ ವ್ಯಾಜ್ಯ. ಐದನೆಯ ಅಂತಸ್ತಿನ ತುಳಸಿ ಕುಂಡದ ನೀರು ನಾಲ್ಕನೆಯ ಅಂತಸ್ತಿನ ಒಣಗಿದ ಬಟ್ಟೆಯ ಮೇಲೆ ಬೀಳುತ್ತದೆ. ಮೇಲಿನ ಬಚ್ಚಲ ತೇವ ಕೆಳಗಿನವರ ಗೋಡೆಗೆ ಇಳಿದಿದೆ. ರಿಪೇರಿ ಯಾರ ಖರ್ಚು? ಒಬ್ಬರ ನಾಯಿ ಇನ್ನೊಬ್ಬರ ಮಗುವನ್ನು ಕಂಡು ಬೊಗಳಿದೆ. ಇದು ಹೊಸ ಕಾಲದ ಪೀಡೆಯೆಂದು ತಿಳಿಯಬೇಡಿ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ತಾಳೆಯೋಲೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದರಷ್ಟೆ. ಅದರಲ್ಲಿ ಮನೆಗಳ ವ್ಯಾಜ್ಯಕ್ಕೆಂದೇ ಒಂದು ಪ್ರಕರಣವಿದೆ. ಹೋಗೆಂದರೂ ಬಿಡದೆ ಕೂತ ಬಾಡಿಗೆದಾರನಿಗೆ ಹನ್ನೆರಡು ಪಣ ದಂಡ. ಬಾಡಿಗೆ ತೆತ್ತವನನ್ನು ಬಲವಂತವಾಗಿ ಹೊರದಬ್ಬುವ ಒಡೆಯನಿಗೂ ಅದೇ ಹನ್ನೆರಡು ಪಣ. ಬಾಡಿಗೆದಾರ ಕಳವು, ದೌರ್ಜನ್ಯದಂತಹ ತಪ್ಪು ಮಾಡಿದ್ದರೆ ಮಾತ್ರ ಒಡೆಯನಿಗೆ ವಿನಾಯಿತಿ. ಎರಡು ಪಕ್ಷಕ್ಕೂ ಒಂದೇ ಅಳತೆ. ಮ್ಯಾನೇಜರರಿಗೆ ಇದನ್ನು ಹೇಳಿದೆ. “ಚೆನ್ನಾಗಿದೆ ಸಾರ್, ನಮ್ಮ ಕಮಿಟಿಯವರಿಗೂ ಒಮ್ಮೆ ಹೇಳಿ” ಎಂದರು. ಅದು ಹೊಗಳಿಕೆಯೋ ನೋವೋ ಆಗ ತಿಳಿಯಲಿಲ್ಲ.

ತಿಳಿದದ್ದು ಮೇ ತಿಂಗಳ ಒಂದು ಶುಕ್ರವಾರ.

ದೊಡ್ಡ ಸಮುಚ್ಚಯಗಳಲ್ಲಿ ಮನೆಗಳ ಕೊಳಚೆ ನೀರು ನೆಲದಡಿಯ ತೊಟ್ಟಿಗೆ ಬಂದು, ಅಲ್ಲಿ ಶುದ್ಧಿಯಾಗಿ, ಶೌಚಕ್ಕೂ ತೋಟಕ್ಕೂ ತಿರುಗಿ ಬರುತ್ತದೆ. ಅಂದು ಬೆಳಿಗ್ಗೆ ತೊಟ್ಟಿಯ ತಳದ ಪಂಪಿನ ಬಾಯಿಗೆ ಬಟ್ಟೆಯೋ ಏನೋ ಸಿಕ್ಕಿಕೊಂಡು ಪಂಪು ನಿಂತಿತು. ಕೊಳಚೆ ಏರತೊಡಗಿತು, ಶೌಚಕ್ಕೆ ನೀರು ನಿಂತಿತು, ಕೆಳಗಿನ ಅಂತಸ್ತಿನಲ್ಲಿ ನಾತ. ಗುತ್ತಿಗೆದಾರ ಇಬ್ಬರು ಹುಡುಗರನ್ನೂ ಒಂದು ಹಗ್ಗವನ್ನೂ ಕರೆತಂದ. “ಐದು ನಿಮಿಷದ ಕೆಲಸ ಸಾರ್, ಇಳಿದು ಕಿತ್ತು ಹಾಕಿಬಿಡುತ್ತಾನೆ” ಎಂದ. ಮ್ಯಾನೇಜರು ಆಗದು ಎಂದರು. ಕೊಳಚೆ ಹೀರುವ ಲಾರಿ ಬರಲಿ, ಬೆಂಗಳೂರಿನಲ್ಲಿ ಅದಕ್ಕೆ ಹನಿಸಕ್ಕರ್ ಎನ್ನುತ್ತಾರೆ, ತೊಟ್ಟಿ ಖಾಲಿಯಾಗಲಿ, ಪಂಪನ್ನು ಸರಪಳಿಯಿಂದ ಮೇಲೆತ್ತೋಣ ಎಂದರು. ಲಾರಿಗೆ ಫೋನು ಮಾಡಿದರೆ ಸಂಜೆಗೆ ಮುಂಚೆ ಆಗುವುದಿಲ್ಲವಂತೆ. ಸಂಘದ ಕಾರ್ಯದರ್ಶಿಗಳು ಆಫೀಸಿನಿಂದಲೇ ಫೋನಿನಲ್ಲಿ ರೇಗಿದರು. ಮನೆಮನೆಯಿಂದ ಕರೆ. ಮಧ್ಯಾಹ್ನದ ಹೊತ್ತಿಗೆ ನಾನೂ, ಎರಡು ಬಕೆಟ್ ನೀರು ಹೊತ್ತು ಸುಸ್ತಾಗಿದ್ದವನು, ಕೆಳಗಿಳಿದು ಹೋಗಿ “ಇದೇನು ಸ್ವಾಮಿ, ಇಷ್ಟು ಹಟ? ಐದು ನಿಮಿಷದ ಕೆಲಸ ಎನ್ನುತ್ತಾನಲ್ಲ” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ಹುಡುಗನನ್ನು ನೋಡಿದಿರಾ ಸಾರ್? ನಿಮ್ಮ ಹತ್ತನೇ ಕ್ಲಾಸಿನವರಿಗಿಂತ ಮೂರು ನಾಲ್ಕು ವರ್ಷ ದೊಡ್ಡವನಿರಬಹುದು ಅಷ್ಟೆ” ಎಂದರು.

ನಾನು ನೋಡಿರಲಿಲ್ಲ. ಆಗ ನೋಡಿದೆ. ನೆರಳಿನಲ್ಲಿ ಕೂತು ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ.

ಆ ತೊಟ್ಟಿಯೊಳಗೆ ಇರುವುದು ಬರಿಯ ಕೊಳೆಯಲ್ಲ. ಹೈಡ್ರೋಜನ್ ಸಲ್ಫೈಡ್ ಎಂಬ ವಿಷದ ಗಾಳಿ ಅಲ್ಲಿ ಕಟ್ಟಿಕೊಂಡಿರುತ್ತದೆ. ಕೊಂಚವಿದ್ದರೆ ಕೊಳೆತ ಮೊಟ್ಟೆಯ ನಾತ; ಹೆಚ್ಚಾದರೆ ಮೂಗಿನ ಶಕ್ತಿಯೇ ಸತ್ತು ನಾತವೂ ತಿಳಿಯುವುದಿಲ್ಲ. ಇಳಿದವನು ಬೀಳುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಹೀಗೆ ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿದೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಅಂದು ನನಗೆ ಕಂಡದ್ದು ನನ್ನ ಎರಡು ಬಕೆಟ್ ಮಾತ್ರ.

ಲಾರಿ ಸಂಜೆ ಆರೂಕಾಲಿಗೆ ಬಂತು. ಪಂಪು ಮೇಲೆ ಬಂದಾಗ ಅದರ ಬಾಯಲ್ಲಿದ್ದದ್ದು ಯಾರದೋ ಮನೆಯ ನೆಲ ಒರೆಸುವ ಬಟ್ಟೆ. ಭಾನುವಾರ ಸಭೆ ಸೇರಿತು. “ನಾವು ಇಷ್ಟು ದುಡ್ಡು ಕೊಡುವುದು ಇದಕ್ಕೇನಾ?” ಎಂದರು ಒಬ್ಬರು. ಒಂಬತ್ತು ಗಂಟೆ ಶೌಚಕ್ಕೆ ನೀರಿಲ್ಲದ್ದು ನಡವಳಿಕೆಯ ಪುಸ್ತಕದಲ್ಲಿ ದಾಖಲಾಯಿತು, ಕಾರಣ ದಾಖಲಾಗಲಿಲ್ಲ. ಮ್ಯಾನೇಜರು ತಮ್ಮ ವಿವರಣೆಯನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಪ್ರತಿಗೆ ಸ್ವೀಕೃತಿಯ ರುಜು ಕೇಳಿ ಪಡೆದರು. ಆಗಸ್ಟಿನಲ್ಲಿ ಅವರ ಕರಾರು ಮುಗಿಯಿತು, ಸಂಘ ಅದನ್ನು ಮುಂದುವರಿಸಲಿಲ್ಲ. ಮಗಳು ಫೋನಿನಲ್ಲಿ ಹೇಳಿದಳು. ನಗರದ ಇನ್ನೊಂದು ಮೂಲೆಯಲ್ಲಿ, ಇದಕ್ಕಿಂತ ದೊಡ್ಡ ಸಮುಚ್ಚಯದಲ್ಲಿ ಈಗ ಇದ್ದಾರಂತೆ. ಅಲ್ಲಿಯ ಸಂದರ್ಶನಕ್ಕೆ ಆ ಹಾಳೆಯ ಪ್ರತಿಯನ್ನು ಅವರೇ ತೆಗೆದುಕೊಂಡು ಹೋಗಿದ್ದರೆಂದು ಕೇಳಿದೆ.

ಒಂದು ವಾರದ ಮೇಲೆ ತಂದೆ ಮಗ ಮತ್ತೆ ಬಂದರು. ನಾನು ಈ ಕಥೆಯನ್ನು ಪೂರ್ತಿಯಾಗಿ ಹೇಳಿದೆ, ಕರಾರು ಮುಂದುವರಿಯಲಿಲ್ಲ ಎಂಬುದನ್ನೂ ಸೇರಿಸಿ. ಹುಡುಗರಿಗೆ ಉದ್ಯೋಗದ ವಿಚಾರ ಹೇಳುವಾಗ ನಾವು ಹಿರಿಯರು ಸಂಬಳವನ್ನು ಹೇಳುತ್ತೇವೆ, ಬಡ್ತಿಯನ್ನು ಹೇಳುತ್ತೇವೆ, ಯಾವ ದಿನ ಆ ಕೆಲಸ ಹೋಗಬಹುದು ಎಂಬುದನ್ನು ಹೇಳುವುದಿಲ್ಲ.

ಆಮೇಲೆ ವ್ಯವಹಾರದ ಮಾತು. ಇದಕ್ಕೆ ಇಂತಹದೇ ಪದವಿ ಬೇಕೆಂಬ ಕಟ್ಟುಪಾಡಿಲ್ಲ. ಹೋಟೆಲ್ ನಿರ್ವಹಣೆ ಓದಿದವರು, ಸಿವಿಲ್ ಅಥವಾ ಎಲೆಕ್ಟ್ರಿಕಲ್ ಡಿಪ್ಲೊಮಾದವರು, ಸೈನ್ಯದಿಂದ ನಿವೃತ್ತರಾದವರು, ನಮ್ಮ ಹುಡುಗನಂತೆ ಲೆಕ್ಕ ಬಲ್ಲವರು, ಎಲ್ಲರೂ ಇದ್ದಾರೆ. ಲೆಕ್ಕ ಬಲ್ಲವನು ಪ್ಲಂಬರನ ಹಿಂದೆ ಒಂದು ವರ್ಷ ಓಡಾಡಬೇಕು. ಯಂತ್ರ ಬಲ್ಲವನು ಲೆಕ್ಕದ ಪುಸ್ತಕದ ಮುಂದೆ ಕೂರಬೇಕು. ಕೊಳವೆಗಳ ನಕ್ಷೆ ಮೊದಲ ವಾರದಲ್ಲೇ ಕೈಗೆ ಬರಬೇಕು. ಕಟ್ಟಿದವರು ಅದನ್ನು ಕೊಟ್ಟಿರದಿದ್ದರೆ ಕೇಳಿ ಪಡೆಯಬೇಕು. ಹಸ್ತಾಂತರವಾದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ, ತಿಳಿಸಿದ ಮೂವತ್ತು ದಿನದಲ್ಲಿ ಕಟ್ಟಿದವರೇ ಖರ್ಚಿಲ್ಲದೆ ಸರಿಪಡಿಸಿಕೊಡಬೇಕೆಂದು 2016ರ ರೇರಾ ಕಾಯಿದೆ ಹೇಳುತ್ತದೆ. ಬಿರುಕು ಕಂಡ ದಿನಾಂಕವನ್ನು ಬರೆದಿಡದ ಮ್ಯಾನೇಜರನಿಂದ ಎಷ್ಟೋ ಸಂಘಗಳು ಈ ಹಕ್ಕನ್ನು ಕಳೆದುಕೊಳ್ಳುತ್ತವೆ. ನಮ್ಮ ರಾಜ್ಯದ 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯನ್ನೂ, ಸಂಘದ ಬೈಲಾವನ್ನೂ ಓದಿಕೊಂಡಿರಬೇಕು. ಪರದೇಶದಲ್ಲಿರುವ ಒಡೆಯರ ಪರವಾಗಿ ಮನೆಗಳನ್ನು ಬಾಡಿಗೆಗೆ ಕೊಟ್ಟು ನೋಡಿಕೊಳ್ಳುವ ಇನ್ನೊಂದು ಶಾಖೆಯಿದೆ. ಅಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯಿದೆ ತಿಳಿದಿರಬೇಕು. ಹನ್ನೊಂದು ತಿಂಗಳ ಕರಾರು ಏಕೆಂದು ಯಾರಾದರೂ ಕೇಳಿದರೆ, ಒಂದು ವರ್ಷಕ್ಕೆ ಮೀರಿದ ಗೇಣಿಪತ್ರವನ್ನು ನೋಂದಾಯಿಸಲೇಬೇಕು, ಅದನ್ನು ತಪ್ಪಿಸಲು ಈ ಪದ್ಧತಿ ಎಂದು ಹೇಳಲು ಬರಬೇಕು.

ಭಾನುವಾರದ ಆಸೆಯನ್ನು ಬಿಡಬೇಕು. ಸಭೆಗಳು ಸೇರುವುದೇ ಅಂದು. ಫೋನು ರಾತ್ರಿಯೂ ಬಾಯಿ ಮುಚ್ಚುವುದಿಲ್ಲ. ಕಾವಲಿಗೆ ಅಸ್ಸಾಮಿನವನು, ಗುಡಿಸುವುದಕ್ಕೆ ರಾಯಚೂರಿನವಳು, ಮನೆಗಳಲ್ಲಿ ತಮಿಳರು, ಬಂಗಾಳಿಗಳು. ಎಲ್ಲರೊಡನೆಯೂ ಅವರವರಿಗೆ ತಿಳಿಯುವಂತೆ ಮಾತನಾಡಬೇಕು. ಇನ್ನು ಲಿಫ್ಟಿನಲ್ಲಿ ಅಂಟಿಸುವ ಕನ್ನಡ ಪ್ರಕಟಣೆಗಳ ಕಾಗುಣಿತದ ವಿಷಯ. ಅದನ್ನು ಎತ್ತಿದರೆ ನನ್ನ ಅವಧಿ ಅದಕ್ಕೇ ಸಾಲದು.

ತಂದೆಯವರು ಎಲ್ಲವನ್ನೂ ಕೇಳಿದರು. “ಆ ತೊಟ್ಟಿಯ ವಿಷಯ ಹೇಳಿದಿರಲ್ಲ ಮೇಷ್ಟ್ರೇ, ಅವರು ಇಳಿಸಿದ್ದಿದ್ದರೆ ಕೆಲಸ ಉಳಿಯುತ್ತಿತ್ತೇ?” ಎಂದರು.

“ಉಳಿಯುತ್ತಿತ್ತೇನೋ” ಎಂದೆ.

ಅವರು ಮಗನ ಮುಖವನ್ನು ಒಮ್ಮೆ ನೋಡಿ, “ಸರಿ, ಹೋಗು. ಅಮ್ಮನಿಗೆ ನಾನು ಹೇಳುತ್ತೇನೆ” ಎಂದು ಎದ್ದರು.

ಹುಡುಗ ಕೆಲಸಕ್ಕೆ ಸೇರಿ ಹತ್ತು ದಿನವಾಗಿತ್ತು, ಒಂದು ರಾತ್ರಿ ಒಂಬತ್ತೂವರೆಗೆ ಫೋನು ಮಾಡಿದ. ಗಾಬರಿಯಾಗಿ ಎತ್ತಿದೆ. “ಸಾರ್, ಒಂದು ಪ್ರಕಟಣೆ ಬರೆಯಬೇಕು. ನೆಲ ಒರೆಸುವ ಬಟ್ಟೆಯನ್ನು ಶೌಚಕ್ಕೆ ಹಾಕಬೇಡಿ ಎಂದು. ಯಾರಿಗೂ ಬೇಸರವಾಗಬಾರದು, ಆದರೆ ಎಲ್ಲರಿಗೂ ಅರ್ಥವಾಗಬೇಕು. ಹೇಗೆ ಬರೆಯಲಿ?” ಎಂದ. ನಾನು ಕನ್ನಡಕ ಹಾಕಿಕೊಂಡು ಕುಳಿತು ಹೇಳುತ್ತ ಹೋದೆ, ಅವನು ಬರೆದುಕೊಂಡ. ಓದಿ ಹೇಳು ಎಂದೆ. ‘ದಯವಿಟ್ಟು’ ಎನ್ನುವಲ್ಲಿ ತಪ್ಪು ಮಾಡಿದ್ದ. ತಿದ್ದಿಸಿದೆ.